ಸಾಮಾನು ಕಟ್ಟುವ ಚಟ

ಪ್ರವಾಸಕ್ಕಿಂತ ಅದರ ಹಿಂದಿನ ವಾರವೇ ನನಗೆ ಹೆಚ್ಚು ಇಷ್ಟ ಎಂದರೆ ಮನೆಯವರು ನಗುತ್ತಾರೆ. ಮಂಚದ ಮೇಲೆ ಪೆಟ್ಟಿಗೆ ಬಾಯಿ ತೆರೆದು ಬಿದ್ದಿರಬೇಕು. ಸುತ್ತಲೂ ಅಂಗಿ, ಚಾರ್ಜರು, ಮಾತ್ರೆ, ಚಟ್ನಿಪುಡಿ ಹರಡಿರಬೇಕು. ನಾನು ಒಂದೊಂದನ್ನೇ ಎತ್ತಿ, ಅಲ್ಲಿ ನಿನಗೇನು ಕೆಲಸ ಎಂದು ವಿಚಾರಿಸಬೇಕು. ಸರಿಯಾದ ಉತ್ತರ ಬಾರದಿದ್ದರೆ ಬೀರುವಿಗೆ ವಾಪಸ್. ಹೋಗುವ ಊರಿನ ರೈಲು, ಊಟ, ಪ್ಲಗ್ಗು ಎಲ್ಲ ಮೊದಲೇ ಗೊತ್ತಿದ್ದರೆ ವಿಚಾರಣೆ ಬೇಗ ಮುಗಿಯುತ್ತದೆ, ಪೆಟ್ಟಿಗೆಯೂ ಹಗುರಾಗುತ್ತದೆ. ಗೊತ್ತಿಲ್ಲದವರೇ ಎಲ್ಲವನ್ನೂ ಹೊರುವವರು.

ಈ ಚಟಕ್ಕೆ ಜಪಾನಿನಷ್ಟು ಒದಗಿಬಂದ ದೇಶವನ್ನು ನಾನು ಕಾಣೆ. ಅಕ್ಕ, ಭಾವನ ಜೊತೆ ಅಲ್ಲಿಗೆ ಹೊರಟಾಗ ನನ್ನ ವಿಚಾರಣೆಗೆ ಮೊದಲು ಸಿಕ್ಕಿದ್ದು ಭಾವನ ಪೆಟ್ಟಿಗೆ. ಅವರದು ‘ಇರಲಿ ಬಿಡು’ ಪಂಥ. ದರ್ಜಿಯ ಟೇಪು ತಂದು ಉದ್ದ, ಅಗಲ, ಎತ್ತರ ಅಳೆದು ಕೂಡಿಸಿದೆ.

‘ಭಾವ, ಬುಲೆಟ್ ರೈಲಿಗೆ ಇದು ಮೂರು ಸೆಂಟಿಮೀಟರ್ ಜಾಸ್ತಿ ಆಯ್ತು.’

‘ಮೂರು ಸೆಂಟಿಮೀಟರಿಗೆ ಅಲ್ಲಿ ಯಾರಯ್ಯಾ ಟೇಪು ಹಿಡ್ಕೊಂಡು ನಿಂತಿರ್ತಾರೆ?’

ಟೇಪು ಹಿಡಿದು ನಿಲ್ಲುವುದಿಲ್ಲವೇನೋ, ಆದರೆ ಲೆಕ್ಕ ಇದೆ. ಟೋಕಿಯೊದಿಂದ ಕ್ಯೋಟೊ, ಒಸಾಕಾ ಕಡೆಗೆ ಓಡುವ ಶಿಂಕಾನ್‌ಸೆನ್ ರೈಲುಗಳಲ್ಲಿ 2020ರ ಮೇ ತಿಂಗಳಿಂದ ಒಂದು ನಿಯಮ ಬಂದಿದೆ. ಮೂರೂ ಅಳತೆ ಸೇರಿ 160 ಸೆಂಟಿಮೀಟರ್ ದಾಟಿದರೆ ಸಾಮಾನಿಡಲು ಜಾಗವಿರುವ ಸೀಟನ್ನೇ ಮೊದಲೇ ಕಾದಿರಿಸಬೇಕು. ಕಾದಿರಿಸಿದರೆ ಹೆಚ್ಚಿನ ದುಡ್ಡಿಲ್ಲ. ಸುಮ್ಮನೆ ಹತ್ತಿದರೆ 1,000 ಯೆನ್ ದಂಡ. ವಿಮಾನ ಕಂಪನಿಗಳಲ್ಲಿ ಸಾಮಾನ್ಯವಾಗಿ ನಡೆಯುವ ಮಿತಿ 158 ಸೆಂಟಿಮೀಟರ್. ಅಂದರೆ ವಿಮಾನಕ್ಕೆ ಹೊಂದುವ ಪೆಟ್ಟಿಗೆ ರೈಲಿಗೂ ಹೊಂದುತ್ತದೆ. ಭಾವನದು ಎರಡಕ್ಕೂ ಹೊಂದದ್ದು. ಒಂದು ದಿನ ಮುನಿಸಿಕೊಂಡರು, ಆಮೇಲೆ ಅಕ್ಕನ ಪೆಟ್ಟಿಗೆ ಕಸಿದುಕೊಂಡರು.

ನಿಜ ಹೇಳಬೇಕೆಂದರೆ ಅಲ್ಲಿ ಪೆಟ್ಟಿಗೆಯನ್ನು ರೈಲಿಗೆ ಹತ್ತಿಸಬೇಕೆಂದೇನೂ ಇಲ್ಲ. ಯಮಾತೋ ಎಂಬ ಕಂಪನಿ 1976ರಲ್ಲಿ ‘ತಕ್ಯುಬಿನ್’ ಎಂಬ ಸೇವೆ ಶುರುಮಾಡಿತು. ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುವ ಕರಿಬೆಕ್ಕು ಅದರ ಗುರುತು. ಟೋಕಿಯೊದ ಹೋಟೆಲಿನ ಕೌಂಟರಿನಲ್ಲಿ ಪೆಟ್ಟಿಗೆ ಕೊಟ್ಟು, ಕ್ಯೋಟೊದ ಹೋಟೆಲಿನ ವಿಳಾಸ ಬರೆದುಕೊಟ್ಟರೆ ಸಾಮಾನ್ಯವಾಗಿ ಮರುದಿನ ಅಲ್ಲಿರುತ್ತದೆ. ನಾವು ಮಧ್ಯದ ಒಂದು ರಾತ್ರಿ ಹಕೋನೆಯ ಬಿಸಿನೀರಿನ ಬುಗ್ಗೆಗಳ ಊರಿಗೆ ಹೆಗಲಚೀಲ ಹಾಕಿಕೊಂಡು ಹೋಗಿಬಂದೆವು. ಆ ಚೀಲವನ್ನು ಕಟ್ಟುವುದು ನನ್ನ ಪಾಲಿಗೆ ಪ್ರವಾಸದೊಳಗಿನ ಇನ್ನೊಂದು ಹಬ್ಬ! ಒಂದು ಜೊತೆ ಬಟ್ಟೆ, ಮಾತ್ರೆ, ಚಾರ್ಜರು, ಪಾಸ್‌ಪೋರ್ಟು. ಪಾಸ್‌ಪೋರ್ಟನ್ನು ಮಾತ್ರ ಬೆಕ್ಕಿನ ಬಾಯಿಗೆ ಕೊಡಬಾರದು. ವಿದೇಶಿ ಪ್ರವಾಸಿಗರು ಅದನ್ನು ಸದಾ ಜೊತೆಯಲ್ಲಿಟ್ಟುಕೊಂಡಿರಬೇಕು ಎಂಬುದು ಅಲ್ಲಿನ ಕಾನೂನು.

ಭಾವನ ಪುಟ್ಟ ಎಲೆಕ್ಟ್ರಿಕ್ ಕುಕ್ಕರು ವಿಚಾರಣೆಯಲ್ಲಿ ಉಳಿಯಲಿಲ್ಲ. ಜಪಾನಿನಲ್ಲಿ ಕರೆಂಟು 100 ವೋಲ್ಟ್. ನಮ್ಮ 230 ವೋಲ್ಟಿನ ಒಲೆಗೆ ಅಲ್ಲಿ ಸಿಗುವ ಶಕ್ತಿ ಐದನೇ ಒಂದು ಪಾಲಿಗೂ ಕಡಿಮೆ. ಅಕ್ಕಿ ಬೇಯುವ ಹೊತ್ತಿಗೆ ಚೆಕ್-ಔಟ್ ಸಮಯ ಆಗಿರುತ್ತದೆ. ಫೋನಿನ ಚಾರ್ಜರಿಗೆ ಈ ತೊಂದರೆಯಿಲ್ಲ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ 100–240 ವೋಲ್ಟ್ ಎಂದು ಬರೆದಿದ್ದರೆ ಸಾಕು, ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಹಾಕಿ ನಿಶ್ಚಿಂತೆಯಾಗಿರಬಹುದು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಮಾತ್ರೆಗಳ ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ. ನೆಗಡಿಗೆಂದು ನಾವು ಅಂಗಡಿಯಿಂದ ಸುಮ್ಮನೆ ತಂದಿಡುವ ಮಾತ್ರೆಯಲ್ಲಿ ಸೂಡೊಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿದ್ದರೆ ಜಪಾನಿನೊಳಗೆ ಒಯ್ಯುವಂತಿಲ್ಲ. ಕೊಡೀನ್ ಇರುವ ಕೆಮ್ಮಿನ ಔಷಧಿಗೂ ಕಟ್ಟುಪಾಡಿದೆ. ಬಿ.ಪಿ., ಸಕ್ಕರೆ ಕಾಯಿಲೆಯಂಥವುಗಳ ಮಾತ್ರೆ ಒಂದು ತಿಂಗಳಿಗಾಗುವಷ್ಟು ಒಯ್ಯಬಹುದು. ಸ್ಟ್ರಿಪ್‌ನಿಂದ ಬಿಡಿಸದೆ, ಡಾಕ್ಟರ ಚೀಟಿಯ ಜೊತೆ ಇಟ್ಟರೆ ಒಳ್ಳೆಯದು.

ಇನ್ನು ತಿನ್ನುವ ಸಾಮಾನು. ನನಗೆ ಅತಿ ಪ್ರಿಯವಾದ ವಿಭಾಗ. ಇಲ್ಲಿ ಮೊದಲ ಆಘಾತ ಕೊಬ್ಬರಿಯದು. ತಿಪಟೂರಿನ ನೆಂಟರಿಷ್ಟರಿರುವ ಮನೆ ನಮ್ಮದು. ಗಿಟುಕು ಕೊಬ್ಬರಿಯಿಲ್ಲದೆ ಅಕ್ಕ ಯಾರ ಮನೆಗೂ ಹೋದವಳಲ್ಲ. ಆದರೆ ವಿಮಾನಯಾನದ ನಿಯಮಗಳಲ್ಲಿ ಒಣ ಕೊಬ್ಬರಿ ಅಪಾಯಕಾರಿ ವಸ್ತು. ಎಣ್ಣೆ ತುಂಬಿದ ಅದು ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಹುದಂತೆ. ಅಕ್ಕ ನನ್ನನ್ನೇ ಕಾನೂನು ಬರೆದವನಂತೆ ನೋಡಿದಳು. ಕೊನೆಗೆ ಕೊಬ್ಬರಿ ಬೇಡದ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪೆಟ್ಟಿಗೆ ಸೇರಿದವು. ಕರಿಬೇವಿನ ಕಟ್ಟನ್ನೂ ಕೆಳಗಿಳಿಸಿದೆ. ತಾಜಾ ಸೊಪ್ಪು, ಹಣ್ಣುಗಳನ್ನು ಸಸ್ಯಸಂಗರೋಧದ ಪ್ರಮಾಣಪತ್ರವಿಲ್ಲದೆ ಅಲ್ಲಿ ಒಳಗೆ ಬಿಡುವುದಿಲ್ಲ.

ಚಟ್ನಿಪುಡಿ ಒಯ್ಯುವುದು ನಾಲಿಗೆಯ ಚಪಲಕ್ಕಷ್ಟೇ ಅಲ್ಲ. ಜಪಾನಿನ ಅಡುಗೆಯ ತಳದಲ್ಲಿ ‘ದಾಶಿ’ ಎಂಬ ಸಾರು ಇರುತ್ತದೆ. ಹೆಚ್ಚಾಗಿ ಒಣಮೀನಿನ ಚೂರುಗಳಿಂದ ಮಾಡಿದ್ದು. ಬಟ್ಟಲಲ್ಲಿ ತರಕಾರಿ ಮಾತ್ರ ಕಂಡರೂ ಸಾರಿನಲ್ಲಿ ಮೀನಿರಬಹುದು. ಹಾಗಾಗಿ ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ನಮ್ಮಂಥ ಸಸ್ಯಾಹಾರಿಗಳಿಗೆ ಸಾಲದು. ಮೀನು, ಮೀನಿನ ದಾಶಿ ಎರಡೂ ಬೇಡವೆಂದು ಜಪಾನಿ ಭಾಷೆಯಲ್ಲಿ ಬರೆದ ಚೀಟಿ ಜೇಬಿನಲ್ಲಿರಬೇಕು. ನಿರ್ಭಯವಾಗಿ ಉಣ್ಣಬೇಕೆಂದರೆ ಕೋಯಾಸಾನ್ ಬೆಟ್ಟದ ಬೌದ್ಧ ಮಂದಿರಗಳಿಗೆ ಹೋಗಬೇಕು. ಅಲ್ಲಿ ತಂಗಿದವರಿಗೆ ಬಡಿಸುವ ‘ಶೋಜಿನ್ ರ‍್ಯೋರಿ’ಯಲ್ಲಿ ಮೀನು, ಮಾಂಸವಿರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ನಮ್ಮ ಮಠದ ಊಟದ ಹಾಗೆ. ಉಳಿದ ದಿನಗಳಿಗೆ ರಸ್ತೆ ರಸ್ತೆಗೂ ಇರುವ ‘ಕೊಂಬಿನಿ’ ಅಂಗಡಿಗಳೇ ಗತಿ. ಪ್ಯಾಕೆಟ್ ಅನ್ನ, ಸಕ್ಕರೆಯಿಲ್ಲದ ಮೊಸರು ಎರಡೂ ಅಲ್ಲಿ ಸಿಗುತ್ತವೆ, ಬಿಸಿ ಮಾಡಲು ಮೈಕ್ರೊವೇವ್ ಕೂಡ. ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡ ಭಾವ ಕುಕ್ಕರಿನ ಮಾತು ಮತ್ತೆ ಎತ್ತಲಿಲ್ಲ.

ಕೊನೆಗೆ ಚಿಲ್ಲರೆ ಸಾಮಾನು. ತೂತಿಲ್ಲದ ಕಾಲುಚೀಲ, ದಿನಕ್ಕೆ ಹತ್ತಾರು ಸಲ ಬಿಚ್ಚಿ ಹಾಕಲು ಸುಲಭವಾದ ಶೂ. 500 ಯೆನ್‌ವರೆಗೂ ನಾಣ್ಯಗಳೇ ಆದ್ದರಿಂದ ಒಂದು ಪುಟ್ಟ ಪರ್ಸು. ಕಸಕ್ಕೊಂದು ಕವರು. 1995ರ ಟೋಕಿಯೊ ಮೆಟ್ರೊ ವಿಷಾನಿಲ ದಾಳಿಯ ನಂತರ ಅಲ್ಲಿನ ಸಾರ್ವಜನಿಕ ಕಸದಬುಟ್ಟಿಗಳು ಬಹುಪಾಲು ಮಾಯವಾದವು, ಬಾಳೆಹಣ್ಣಿನ ಸಿಪ್ಪೆಯನ್ನೂ ಹೋಟೆಲಿನವರೆಗೆ ಹೊತ್ತೇ ಒಯ್ಯಬೇಕು.

ಹೊರಡುವ ಹಿಂದಿನ ರಾತ್ರಿ ನನ್ನ ಪೆಟ್ಟಿಗೆಯಲ್ಲಿ ಅರ್ಧ ಖಾಲಿ. ಅದನ್ನು ಎಲ್ಲರಿಗೂ ತೋರಿಸಿ ಮೆರೆದದ್ದೇ ತಡ, ಅಕ್ಕ ನಿಪ್ಪಟ್ಟಿನ ಡಬ್ಬಿ, ಕಂಬಳಿಯಷ್ಟು ದಪ್ಪನೆಯ ಸ್ವೆಟರ್, ಭಾವನ ಎರಡನೇ ಜೊತೆ ಶೂ ತಂದು ಪಕ್ಕದಲ್ಲಿಟ್ಟಳು. ‘ನಿನ್ನದರಲ್ಲಿ ಹೇಗೂ ಜಾಗ ಇದೆಯಲ್ಲೋ’ ಎಂದಳು. ಭಾವ ಟೇಪು ತಂದು ನನ್ನ ಪೆಟ್ಟಿಗೆ ಅಳೆಯತೊಡಗಿದರು.