ನನ್ನ ಯೂರೋಪು ಯಾತ್ರೆ

ಯೂರೋಪು ಖಂಡವನ್ನು ನಾನು ಮೂವತ್ತು ದಿನಗಳಲ್ಲಿ ರೈಲಿನಲ್ಲಿ ಸುತ್ತಿ ಬಂದಿದ್ದೇನೆ. ಆ ಅವಧಿಯಲ್ಲಿ ಸತ್ತೇಗಾಲದ ನಮ್ಮ ಮನೆಯ ಜಗಲಿಯಿಂದ ನಾನು ಕದಲಲಿಲ್ಲವೆಂಬ ಸಣ್ಣ ಸಂಗತಿಯನ್ನು ವಾಚಕರು ಮನ್ನಿಸಬೇಕು. ನಮ್ಮ ಸೀಮೆಗೆ ರೈಲು ಇನ್ನೂ ಬಂದಿಲ್ಲ. ಅದನ್ನು ಕಾಣಬೇಕಾದರೆ ಚಾಮರಾಜನಗರಕ್ಕೋ ಮದ್ದೂರಿಗೋ ಹೋಗಬೇಕು. ಹಸಿದವನಿಗೆ ಊಟದ ಕನಸು ಬೀಳುವಂತೆ, ರೈಲಿಲ್ಲದ ಊರಿನವನಿಗೆ ರೈಲಿನ ಹುಚ್ಚು ಹಿಡಿಯಿತು.

ಹುಚ್ಚಿಗೆ ಮೂಲ ಕಾಲೇಜಿನ ಪುಸ್ತಕ ಭಂಡಾರದಲ್ಲಿ ಸಿಕ್ಕ ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’. ಅದನ್ನು ಓದಿ ಮುಗಿಸಿದ ದಿನವೇ ಇನ್ನೂರು ಪುಟದ ನೋಟುಬುಕ್ಕೊಂದನ್ನು ಕೊಂಡೆ. ಮೊದಲ ಪುಟದಲ್ಲಿ ನನ್ನ ಮಾರ್ಗ: ಪ್ಯಾರಿಸ್, ಲಕ್ಸೆಂಬರ್ಗ್, ಜೂರಿಚ್, ಮಿಲಾನ್, ರೋಮ್, ವೆನಿಸ್, ವಿಯೆನ್ನಾ, ಪ್ರಾಗ್, ಬರ್ಲಿನ್, ಮತ್ತೆ ಪ್ಯಾರಿಸ್.

ಇಷ್ಟಕ್ಕೆಲ್ಲ ಯೂರೇಲ್ ಎಂಬ ಒಂದೇ ಪಾಸು ಸಾಕಂತೆ. 1959ರಲ್ಲಿ ಹೊರನಾಡಿನವರಿಗಾಗಿ ಆರಂಭವಾದ ಈ ಪಾಸು ಈಗ 33 ದೇಶಗಳಲ್ಲಿ ನಡೆಯುತ್ತದೆ. ಆದರೂ ಫ್ರಾನ್ಸ್, ಇಟಲಿಗಳ ವೇಗದ ಗಾಡಿಗಳಲ್ಲಿ ಸೀಟು ಕಾದಿರಿಸಲು ಬೇರೆ ಹಣ ತೆರಬೇಕು. ಲಕ್ಸೆಂಬರ್ಗಿನಲ್ಲಿ ಮಾತ್ರ 2020ರಿಂದ ಬಸ್ಸು, ರೈಲಿನ ಎರಡನೆಯ ದರ್ಜೆ ಎಲ್ಲವೂ ಉಚಿತ. ಇದನ್ನು ಹೇಳಿದಾಗ, 2023ರ ಶಕ್ತಿ ಯೋಜನೆಯಿಂದ ಬಿಟ್ಟಿ ಬಸ್ಸು ಹತ್ತುವ ನಮ್ಮ ಅವ್ವ, “ಗಂಡಸರ್ಗೂವೆ?” ಎಂದು ಬೆರಗಾದಳು.

ಜೂರಿಚ್ ನಗರವನ್ನು ನಾನು ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮ ಊರ ಹೊಳೆಯಾಚೆಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತಷ್ಟೆ. ಅಲ್ಲಿ ನೀರಿನ ಬಲಕ್ಕೆ ತಿರುಗಿದ ಯಂತ್ರಗಳು ಜೂರಿಚ್ಚಿನ ಎಶರ್ ವಿಸ್ ಕಂಪನಿಯವು. ಅವು ಅಲ್ಲಿಂದ ಇಲ್ಲಿಗೆ ಬಂದಿರುವಾಗ, ಇಲ್ಲಿಂದ ಒಬ್ಬನಾದರೂ ಹೋಗಿ ನೋಡಿ ಬರುವುದು ಮರ್ಯಾದೆಯಲ್ಲವೆ? ಜೂರಿಚ್ಚಿನಿಂದ ಮಿಲಾನಿಗೆ ಹೋಗುವ ಗಾಡಿ, 2016ರಲ್ಲಿ ತೆರೆದ 57 ಕಿಲೋಮೀಟರು ಉದ್ದದ ಗೊಟ್ಹಾರ್ಡ್ ಸುರಂಗದಲ್ಲಿ ನುಗ್ಗಿ ಆಲ್ಪ್ಸ್ ಪರ್ವತವನ್ನು ದಾಟುತ್ತದೆ.

ಈ ದೇಶಗಳಿಗೆಲ್ಲ ಒಂದೇ ವೀಸಾ. ಅದರ ಹೆಸರು ಶೆಂಗೆನ್. ಹೆಸರಿನ ಮೂಲ ಹುಡುಕಿದೆ. ಅದು ಮೊಸೆಲ್ ನದಿಯ ದಡದ ಒಂದು ಹಳ್ಳಿ! ಲಕ್ಸೆಂಬರ್ಗ್, ಫ್ರಾನ್ಸ್, ಜರ್ಮನಿಗಳು ಕೂಡುವ ಆ ಸ್ಥಳದಲ್ಲಿ, 1985ರಲ್ಲಿ, ಹಡಗೊಂದರ ಮೇಲೆ ಕುಳಿತು ಗಡಿಯ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದರಂತೆ. ನನಗೆ ನಮ್ಮೂರೇ ಕಣ್ಮುಂದೆ ಬಂತು. 1956ರವರೆಗೆ ಕೊಳ್ಳೇಗಾಲ ಸೀಮೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೊಳೆ ದಾಟಿದರೆ ಮೈಸೂರು. ಇಂದು ಸತ್ತೇಗಾಲದ ಸೇತುವೆ ದಾಟುವ ಯಾರಿಗೂ ಅಲ್ಲೊಂದು ಗಡಿ ಇತ್ತೆಂಬ ನೆನಪಿಲ್ಲ.

ಇಷ್ಟರವರೆಗೆ ಯಾತ್ರೆ ಸುಖವಾಗಿಯೇ ಸಾಗಿತ್ತು. ಮುಂದಿನ ಪುಟದಲ್ಲಿ ಲೆಕ್ಕ ಬಂತು. ವೀಸಾ ಅರ್ಜಿಗೆ 90 ಯೂರೋ, 30,000 ಯೂರೋವಿನ ವೈದ್ಯಕೀಯ ವಿಮೆ, ವಿಮಾನದ ಹಣ, ಅದರ ಮೇಲೆ ಬ್ಯಾಂಕಿನ ಲೆಕ್ಕಪತ್ರ. ನಮ್ಮ ತಂದೆಯ ಪಾಸುಬುಕ್ಕನ್ನು ತೆರೆದು ನೋಡಿದೆ. ಅದರಲ್ಲಿದ್ದುದು ಎರಡು ಎಮ್ಮೆಗಳನ್ನು ಮಾರಿದ ಹಣ. ಅದನ್ನು ಅವರು ನನ್ನ ಬಿ.ಎಡ್. ಓದಿಗೆಂದು ಕೂಡಿಟ್ಟಿದ್ದರು, ನನಗೆ ಹೇಳಿರಲಿಲ್ಲ. ಎಮ್ಮೆಗಳನ್ನೇಕೆ ಮಾರಿದರೆಂದು ನಾನೂ ಕೇಳಿರಲಿಲ್ಲ. ಪಾಸುಬುಕ್ಕನ್ನು ಇದ್ದಲ್ಲೇ ಇಟ್ಟು ಬಂದೆ. ಎಂಟು ದಿನ ನೋಟುಬುಕ್ಕು ಮುಟ್ಟಲಿಲ್ಲ.

ಆಮೇಲೆ ರಜೆಯಲ್ಲಿ ಕೊಳ್ಳೇಗಾಲದ ರೇಷ್ಮೆ ಅಂಗಡಿಯೊಂದರಲ್ಲಿ ಲೆಕ್ಕ ಬರೆದೆ. ಬಂದ ಕೂಲಿಯಲ್ಲಿ 1,500 ರೂಪಾಯಿ ಕಟ್ಟಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ವಿಚಾರಣೆಗೆ ಪೋಲೀಸಿನವರು ಮನೆಗೆ ಬಂದಾಗ ಅವ್ವ, “ಏನ್ ಮಾಡ್ಕಂಡ್ಯೋ ಮಗ!” ಎಂದು ಗೋಳಾಡಿದಳು. ಬಂದವರು ನಕ್ಕು, “ಏನಿಲ್ಲ ಕಣವ್ವ, ನಿನ್ನ ಮಗ ಒಳ್ಳೆಯವನು ಅಂತ ಬರ್ಕಂಡು ಹೋಗೋಕೆ ಬಂದಿದೀನಿ” ಎಂದಮೇಲೆಯೇ ಅವಳು ಕಾಫಿಗೆ ನೀರಿಟ್ಟದ್ದು. ಅಂದು ಸಂಜೆ ತಂದೆಗೆ ಎಲ್ಲವನ್ನೂ ಹೇಳಬೇಕಾಯಿತು.

“ಅಲ್ಲಿ ನಮ್ಮೋರು ಯಾರವ್ರೆ?” ಎಂದರು.

“ಯಾರೂ ಇಲ್ಲಪ್ಪ.”

“ಮತ್ತೆ ಯಾಕೋಗೀಯೆ?”

“ನೋಡೋಕೆ.”

ತಂದೆ ಬಹಳ ಹೊತ್ತು ಸುಮ್ಮನಿದ್ದರು. ಬೈಯುವರೆಂದುಕೊಂಡೆ. “ಓದು ಮುಗುಸು, ದುಡಿ, ಹೋಗು. ನಾ ಬ್ಯಾಡ ಅನ್ನಕುಲ್ಲ. ಅದ್ಕೂ ಮೊದ್ಲು ನಿಮ್ಮವ್ವನ್ನ ಒಂದ್ಸಲ ರೈಲು ಹತ್ತುಸ್ಬುಡು. ಅವ್ಳು ಇನ್ನೂ ಹತ್ತಿಲ್ಲ” ಎಂದರು.

ಮೂವತ್ತು ದಿನಗಳ ಯಾತ್ರೆಯನ್ನು ಗಂಟೆ ನಿಮಿಷಗಳ ಸಹಿತ ಬರೆದಿದ್ದ ನನಗೆ ಈ ಒಂದು ಸಂಗತಿ ತಿಳಿದಿರಲಿಲ್ಲ.

ಯೂರೇಲಿನಲ್ಲಿ 27 ವಯಸ್ಸಿನವರೆಗೆ ತರುಣರ ರಿಯಾಯಿತಿ ಉಂಟು. ನನಗೀಗ ಇಪ್ಪತ್ತು, ಪಾಸ್‌ಪೋರ್ಟು ಹತ್ತು ವರ್ಷ ನಡೆಯುತ್ತದೆ. ಬಿ.ಎಡ್., ನೌಕರಿ, ತಂದೆಗೆ ಎರಡು ಎಮ್ಮೆ, ಎಲ್ಲವೂ ಅಷ್ಟರೊಳಗೆ ಆಗಬೇಕು. ನೋಟುಬುಕ್ಕಿನ ಮೊದಲ ಪುಟದಲ್ಲಿ, ಪ್ಯಾರಿಸ್ಸಿನ ಮೇಲೆ ಉಳಿದಿದ್ದ ಜಾಗದಲ್ಲಿ, ಒಂದು ಸಾಲು ಸೇರಿಸಿದ್ದೇನೆ: “ಚಾಮರಾಜನಗರದಿಂದ ಮೈಸೂರಿಗೆ. ಟಿಕೆಟ್ಟು ಮೂರು. ಅವ್ವನಿಗೆ ಕಿಟಕಿಯ ಪಕ್ಕ.” ಪರೀಕ್ಷೆ ಮುಗಿದ ಮರುದಿನವೇ ಹೊರಡುವುದು.