ಗುಬ್ಬಿಯಲ್ಲಿ ಕುಳಿತು ಜರ್ಮನಿಯ ರೈಲು ನಡೆಸಿದ್ದು

ಹವ್ಯಾಸವೆಂಬುದು ಹೇಳಿ ಕೇಳಿ ಬರುವುದಿಲ್ಲ. ಒಬ್ಬರಿಗೆ ಅಂಚೆಚೀಟಿ, ಒಬ್ಬರಿಗೆ ಸಿನಿಮಾ, ಇನ್ನೊಬ್ಬರಿಗೆ ಚದುರಂಗ; ನನ್ನ ಪಾಲಿಗೆ ಒದಗಿ ಬಂದದ್ದು ರೈಲು. ಅದರಲ್ಲಿಯೂ ಎಂದೂ ಕಣ್ಣಾರೆ ಕಾಣದ, ಕಾಲಿಟ್ಟು ಹತ್ತದ, ಏಳು ಸಾವಿರ ಕಿಲೋಮೀಟರಿಗೂ ದೂರದ ಜರ್ಮನಿಯ ರೈಲು. ಗುಬ್ಬಿಯ ನಮ್ಮ ಮನೆಯ ನಡುಮನೆಯಲ್ಲಿ ಒಂದು ಹಳೆಯ ಕಂಪ್ಯೂಟರಿನ ಮುಂದೆ ಕುಳಿತು, ರಾತ್ರಿಯ ಊಟವಾದ ಮೇಲೆ, ನಾನು ಆ ರೈಲನ್ನು ನಡೆಸುತ್ತೇನೆ. ಇದನ್ನು ಕೇಳಿದ ಸಹಪಾಠಿಗಳು ನಗುತ್ತಾರೆ. ಅಧ್ಯಾಪಕರೊಬ್ಬರು, “ಇತಿಹಾಸ, ಅರ್ಥಶಾಸ್ತ್ರ ಓದುವ ಹುಡುಗನಿಗೆ ಎಂಜಿನ್ನಿನ ಉಸಾಬರಿ ಏಕಪ್ಪ?” ಎಂದು ಕೇಳಿದರು. ಆ ಪ್ರಶ್ನೆಗೆ ತರಗತಿಯಲ್ಲಿ ಉತ್ತರ ಹೇಳಲು ಸಮಯ ಸಾಲಲಿಲ್ಲ. ಅದಕ್ಕಾಗಿ ಈ ಲೇಖನ.

ನಮ್ಮ ಸೀಮೆಯವರಿಗೆ ರೈಲಿನ ಹುಚ್ಚು ಹಿಡಿಯುವುದು ಅಸಹಜವೇನೂ ಅಲ್ಲ. ಬೆಂಗಳೂರಿನಿಂದ ತುಮಕೂರಿಗೆ ಮೀಟರ್‌ಗೇಜ್ ರೈಲು ಬಂದದ್ದು ೧೮೮೪ರಲ್ಲಿ. ಆ ಹಾದಿ ಗುಬ್ಬಿ, ತಿಪಟೂರು, ಅರಸೀಕೆರೆಗಳನ್ನು ದಾಟಿ ೧೮೮೯ರಲ್ಲಿ ಹರಿಹರವನ್ನು ಮುಟ್ಟಿತು. ನಮ್ಮೂರಿನ ಹೆಸರನ್ನು ನಾಡಿಗೆಲ್ಲ ಸಾರಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದೂ ಅದೇ ೧೮೮೪ರಲ್ಲಿ. ಗುಬ್ಬಿಯಿಂದ ತುಮಕೂರಿಗೆ ಸುಮಾರು ೨೦ ಕಿಲೋಮೀಟರು. ದಿನವೂ ರೈಲಿನಲ್ಲಿ ಕಾಲೇಜಿಗೆ ಬರುವ ನಾನು ಮಲ್ಲಸಂದ್ರದ ನಿಲ್ದಾಣವನ್ನು ಎಷ್ಟು ಸಲ ಕಂಡಿರುವೆನೋ ಲೆಕ್ಕವಿಲ್ಲ. ಆದರೆ ಪ್ರಯಾಣಿಕನಿಗೆ ಕಾಣುವುದು ಪಕ್ಕದ ಕಿಟಕಿ. ಮುಂದಿನ ಕಿಟಕಿಯಲ್ಲಿ ಏನು ಕಾಣುತ್ತದೆ ಎಂಬುದು ಎಂಜಿನ್ನಿನಲ್ಲಿ ಕುಳಿತವನಿಗೆ ಮಾತ್ರ ಗೊತ್ತು. ಚಿಕ್ಕಂದಿನಿಂದ ನನ್ನನ್ನು ಕಾಡಿದ್ದು ಆ ಮುಂದಿನ ಕಿಟಕಿ.

ಹಾಗಾದರೆ ರೈಲ್ವೆಯ ಕೆಲಸಕ್ಕೇ ಏಕೆ ಸೇರಬಾರದು ಎಂದು ಕೇಳಬಹುದು. ಸಹಾಯಕ ಚಾಲಕನ ಹುದ್ದೆಗೆ ಐ.ಟಿ.ಐ. ಅಥವಾ ಡಿಪ್ಲೊಮೊ ಮುಂತಾದ ತಾಂತ್ರಿಕ ವಿದ್ಯಾರ್ಹತೆ ಬೇಕು. ಅದಕ್ಕಿಂತ ಕಠಿಣವಾದದ್ದು ವೈದ್ಯಕೀಯ ಪರೀಕ್ಷೆ: ಕನ್ನಡಕವಿಲ್ಲದೆಯೇ ದೂರದ ದೃಷ್ಟಿ ಪೂರ್ಣವಾಗಿರಬೇಕು. ನಾನು ಹೈಸ್ಕೂಲಿಗೆ ಸೇರಿದ ವರ್ಷವೇ ನನ್ನ ಮೂಗಿನ ಮೇಲೆ ಕನ್ನಡಕ ಬಂದು ಕುಳಿತಿತು. ಆ ಬಾಗಿಲು ಅಂದೇ ಮುಚ್ಚಿತು. ನಿಯಮ ನ್ಯಾಯವಾದದ್ದೇ, ಸಾವಿರ ಜನರನ್ನು ಹೊತ್ತು ಹೋಗುವವನ ಕಣ್ಣು ಸರಿಯಾಗಿರಬೇಕೆಂದು ಯಾರು ತಾನೇ ಒಪ್ಪುವುದಿಲ್ಲ? ಆದರೆ ಆಸೆಗೆ ನಿಯಮ ತಿಳಿಯದು. ಒಂದು ಬಾಗಿಲು ಮುಚ್ಚಿದರೂ ಅದು ಮನೆಯ ಸುತ್ತ ಸುಳಿಯುತ್ತಲೇ ಇರುತ್ತದೆ.

ಹೀಗೆ ಸುಳಿಯುತ್ತಿದ್ದ ಆಸೆಗೆ ಸಿಕ್ಕಿದ್ದು ‘ತ್ಸೂಸಿ’. ಜರ್ಮನ್ ಭಾಷೆಯಲ್ಲಿ ‘ತ್ಸೂಗ್’ ಎಂದರೆ ರೈಲು. ‘ತ್ಸೂಗ್‌ಸಿಮುಲಾಟೋರ್’ ಎಂಬ ಉದ್ದನೆಯ ಹೆಸರನ್ನು ಮೊಟಕುಗೊಳಿಸಿ ‘ತ್ಸೂಸಿ’ ಎಂದಿದ್ದಾರೆ. ಕಾರ್ಸ್ಟೆನ್ ಹ್ಯೋಲ್ಷರ್ ಎಂಬ ಜರ್ಮನ್ನರು ರಚಿಸಿದ ಈ ಸಿಮ್ಯುಲೇಟರಿನ ಒಂದು ರೂಪವನ್ನು ಅಲ್ಲಿ ಚಾಲಕರ ತರಬೇತಿಗೂ ಬಳಸುತ್ತಾರೆ. ಇದರಲ್ಲಿ ಕಣ್ಣು ಕೋರೈಸುವ ಚಿತ್ರಗಳಿಲ್ಲ. ಮರಗಳು ಮರದಂತಿವೆ, ಮನೆಗಳು ಮನೆಯಂತಿವೆ, ಅಷ್ಟೇ. ಗೆದ್ದವರಿಗೆ ಚಿನ್ನದ ನಾಣ್ಯ ಸುರಿಯುವುದಿಲ್ಲ, ಸಂಗೀತ ಮೊಳಗುವುದಿಲ್ಲ. ಆದರೆ ಬ್ರೇಕಿನ ಕೊಳವೆಯೊಳಗಿನ ಗಾಳಿ ಹೇಗೆ ಹರಿಯಬೇಕೋ ಹಾಗೆಯೇ ಹರಿಯುತ್ತದೆ. ಗಾಡಿಯ ಭಾರ ಎಷ್ಟಿರಬೇಕೋ ಅಷ್ಟೇ ಇರುತ್ತದೆ. ಅದೇ ಇದರ ಸೊಗಸು.

ನನ್ನ ಪ್ರತಿಯಲ್ಲಿ ಎಲ್ಲವೂ ಜರ್ಮನ್. ಪ್ಯಾಂಟೋಗ್ರಾಫನ್ನು ಏರಿಸಿ, ಮುಖ್ಯ ಸ್ವಿಚ್ಚು ಹಾಕಿ, ದಿಕ್ಕು ಆರಿಸಿ, ಬ್ರೇಕು ಬಿಡಿಸುವವರೆಗೆ ಗಾಡಿ ಕದಲುವುದಿಲ್ಲ. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಜರ್ಮನ್ ಹೆಸರು. ‘ಫಾರ್‌ಪ್ಲಾನ್’ ಎಂದರೆ ವೇಳಾಪಟ್ಟಿ, ‘ಬ್ರೆಮ್ಜೆ’ ಎಂದರೆ ಬ್ರೇಕು, ‘ಹಾಲ್ಟ್’ ಎಂದರೆ ನಿಲ್ಲು ಎಂದು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋದೆ. ನೋಟುಪುಸ್ತಕ ತುಂಬುತ್ತಾ ಬಂದಂತೆ ನನಗೆ ಕಿಟ್ಟೆಲ್ಲರ ನೆನಪಾಗುತ್ತಿತ್ತು. ಜರ್ಮನಿಯಿಂದ ಬಂದ ಆ ಮಹನೀಯರು ದಶಕಗಟ್ಟಲೆ ದುಡಿದು ೧೮೯೪ರಲ್ಲಿ ನಮಗೆ ಕನ್ನಡದ ನಿಘಂಟನ್ನು ಕೊಟ್ಟರು. ಅವರು ಕಲಿತ ಸಾವಿರ ಸಾವಿರ ಕನ್ನಡ ಶಬ್ದಗಳಿಗೆ ಪ್ರತಿಯಾಗಿ ಒಬ್ಬ ಗುಬ್ಬಿಯ ಹುಡುಗ ಇನ್ನೂರು ಜರ್ಮನ್ ಶಬ್ದಗಳನ್ನು ಕಲಿತರೆ ಋಣ ತೀರುವುದಿಲ್ಲ. ಬಡ್ಡಿಯ ಒಂದು ಪೈ ಸಂದೀತು.

ಇನ್ನು ಕಲಿಕೆಯ ಮಾತು. ರೈಲು ನಡೆಸುವುದೆಂದರೆ ವೇಗವಾಗಿ ಓಡಿಸುವುದೆಂದು ನಾವೆಲ್ಲ ತಿಳಿದಿರುತ್ತೇವೆ. ಓಡಿಸುವುದು ಒಂದೇ ವಾರದಲ್ಲಿ ಬರುತ್ತದೆ. ಉಳಿದ ತಿಂಗಳುಗಳೆಲ್ಲ ನಿಲ್ಲಿಸುವುದನ್ನು ಕಲಿಯುವುದಕ್ಕೇ ಬೇಕು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ; ರಸ್ತೆಯ ಮೇಲೆ ರಬ್ಬರಿಗೆ ಇರುವ ಹಿಡಿತ ಅದಕ್ಕಿಲ್ಲ. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕರಷ್ಟಾಗುತ್ತದೆ. ಬ್ರೇಕಿನ ಕೊಳವೆಯಲ್ಲಿ ಗಾಳಿಯ ಒತ್ತಡ ೫ ಬಾರ್ ಇದ್ದಾಗ ಗಾಡಿ ಸ್ವತಂತ್ರ; ಒತ್ತಡ ಇಳಿದಂತೆ ಬ್ರೇಕು ಹಿಡಿಯುತ್ತದೆ; ೩.೫ ಬಾರ್‌ಗೆ ಇಳಿದರೆ ಪೂರ್ಣ ಬ್ರೇಕು. ಗಾಳಿ ತುಂಬಿದರೆ ಬಿಡುಗಡೆ, ಗಾಳಿ ಹೋದರೆ ಬಂಧನ! ಇದು ತಲೆಕೆಳಗಾದ ಏರ್ಪಾಡಿನಂತೆ ಕಂಡರೂ ಇದರಲ್ಲಿ ದೊಡ್ಡ ಜಾಣತನವಿದೆ. ಗಾಡಿಯ ಕೊಂಡಿ ಕಳಚಿ ಕೊಳವೆ ಹರಿದರೆ ಗಾಳಿ ತಾನಾಗಿ ಸೋರಿ, ಎರಡು ತುಂಡೂ ತಾವಾಗಿ ನಿಲ್ಲುತ್ತವೆ. ೧೮೭೦ರ ದಶಕದ ಮೊದಲಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಡುಹಿಡಿದ ಈ ತತ್ತ್ವವೇ ಇಂದು ನಮ್ಮ ರೈಲುಗಳಲ್ಲಿಯೂ ಇರುವುದು. ಜರ್ಮನಿಯ ಸರಕು ಗಾಡಿ ೭೪೦ ಮೀಟರ್‌ವರೆಗೂ ಉದ್ದವಿರಬಹುದು. ಮುಂದೆ ಹಿಡಿ ತಿರುಗಿಸಿದ ಸುದ್ದಿ ಗಾಳಿಯ ಮೂಲಕ ಕಡೆಯ ಡಬ್ಬಿಗೆ ತಲುಪಲು ಕೆಲವು ಕ್ಷಣಗಳೇ ಬೇಕು. ಬಿಡಿಸಿದ ಬ್ರೇಕು ಮತ್ತೆ ತುಂಬಿಕೊಳ್ಳಲು ಇನ್ನೂ ಹೆಚ್ಚು. ಆದ್ದರಿಂದ ಚಾಲಕನ ಕೈ ಇಂದಿನ ಕೆಲಸ ಮಾಡುತ್ತಿದ್ದರೂ ಅವನ ಬುದ್ಧಿ ಸದಾ ಒಂದು ಕಿಲೋಮೀಟರು ಮುಂದೆ ಓಡುತ್ತಿರಬೇಕು.

ಆ ಒಂದು ಕಿಲೋಮೀಟರನ್ನು ನಾನು ಸುಮ್ಮನೆ ಹೇಳಲಿಲ್ಲ. ಜರ್ಮನಿಯ ಮುಖ್ಯ ಹಾದಿಗಳಲ್ಲಿ ಮುಖ್ಯ ಸಿಗ್ನಲ್ಲಿಗೆ ಸಾಮಾನ್ಯವಾಗಿ ೧೦೦೦ ಮೀಟರ್ ಮುಂಚೆ ‘ಫೋರ್‌ಸಿಗ್ನಾಲ್’ ಎಂಬ ಮುನ್ಸೂಚನೆಯ ಸಿಗ್ನಲ್ ಇರುತ್ತದೆ. ಗಂಟೆಗೆ ೧೬೦ ಕಿಲೋಮೀಟರ್ ವೇಗದಲ್ಲಿ ಆ ದೂರವನ್ನು ದಾಟಲು ಇಪ್ಪತ್ಮೂರು ಸೆಕೆಂಡು ಸಹ ಬೇಡ. ಅಷ್ಟರಲ್ಲಿ ನೋಡಿ, ತಿಳಿದು, ಬ್ರೇಕು ಹಿಡಿಯಬೇಕು. ಅಲ್ಲಿನ ಹಳೆಯ ಬಗೆಯ ಮುನ್ಸೂಚನೆಯಲ್ಲಿ ಎರಡು ಹಳದಿ ದೀಪ ಕಂಡರೆ ಮುಂದಿನ ಸಿಗ್ನಲ್ಲೇ ಕೆಂಪು ಎಂದು ಅರ್ಥ. ನಮ್ಮ ದೇಶದಲ್ಲಾದರೆ ಎರಡು ಹಳದಿಯ ಮುಂದೆ ಒಂದು ಹಳದಿ, ಅದರ ಮುಂದೆ ಕೆಂಪು. ಅದೇ ಎರಡು ದೀಪ. ಆದರೆ ದೇಶಕ್ಕೆ ತಕ್ಕಂತೆ ಮಾತು ಬೇರೆ. ಭಾಷಾಶಾಸ್ತ್ರದ ತರಗತಿಯಲ್ಲಿ ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ಒಪ್ಪಂದದ್ದು ಎಂದು ಕೇಳಿದ್ದೆ. ಅದು ನನಗೆ ಚೆನ್ನಾಗಿ ಮನದಟ್ಟಾದದ್ದು ಈ ಹಳದಿ ದೀಪಗಳಿಂದ.

ನನ್ನ ಗೆಳೆಯನೊಬ್ಬ ಕುಣಿಗಲ್ಲಿನವನು. ತುಮಕೂರಿಗೂ ಕುಣಿಗಲ್ಲಿಗೂ ನೇರ ರೈಲಿಲ್ಲದ ಕಾರಣ ಬಸ್ಸಿನಲ್ಲಿ ಬರುತ್ತಾನೆ. ಗುಬ್ಬಿಗೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದ ರೈಲು ಅವನ ಊರಿಗೆ ಬಂದದ್ದು ಮೊನ್ನೆ ಮೊನ್ನೆ, ೨೦೧೭ರಲ್ಲಿ ಬೆಂಗಳೂರು–ಹಾಸನ ಹಾದಿ ತೆರೆದಾಗ. ಆದರೆ ಅವನ ಊರಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಹೆಸರಾದದ್ದು. ಆ ಹೆಮ್ಮೆಯಲ್ಲಿ ಅವನು ನನ್ನನ್ನು ಕೆಣಕುವುದುಂಟು. ಒಂದು ಭಾನುವಾರ ನನ್ನ ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ನೋಡಿ, “ಅಲ್ಲ ಕಣೋ, ಸವಾರನಿಗೆ ನಿದ್ದೆ ಬಂದರೂ ಕುದುರೆ ಹಳ್ಳ ಕಂಡರೆ ನಿಲ್ಲುತ್ತೆ. ನಿನ್ನ ಎಂಜಿನ್ನಿಗೆ ಅಷ್ಟು ಬುದ್ಧಿ ಇದೆಯೇನೋ?” ಎಂದು ಕೇಳಿದ.

ಪ್ರಶ್ನೆ ಚೆನ್ನಾಗಿತ್ತು. ಜರ್ಮನ್ ಎಂಜಿನಿಯರುಗಳು ೧೯೩೦ರ ದಶಕದಲ್ಲಿಯೇ ಈ ಪ್ರಶ್ನೆಯನ್ನು ಕೇಳಿಕೊಂಡು, ಎಂಜಿನ್ನಿಗೆ ಕುದುರೆಯ ಬುದ್ಧಿಯಲ್ಲಿ ಸ್ವಲ್ಪ ಪಾಲು ಕೊಟ್ಟರು. ಹಳಿಯ ಪಕ್ಕದಲ್ಲಿ ಅಯಸ್ಕಾಂತದಂಥ ಸಾಧನಗಳನ್ನು ಹೂಡಿರುತ್ತಾರೆ. ಎಚ್ಚರಿಕೆ ತೋರುವ ಮುನ್ಸೂಚನೆಯನ್ನು ದಾಟಿದಾಗ ಚಾಲಕನು ನಾಲ್ಕು ಸೆಕೆಂಡಿನೊಳಗೆ ‘ಕಂಡೆ’ ಎಂದು ಒಂದು ಗುಂಡಿ ಒತ್ತಬೇಕು. ಒತ್ತಿದರೆ ಮುಗಿಯಲಿಲ್ಲ, ವೇಗದ ಗಾಡಿಯಾದರೆ ೨೩ ಸೆಕೆಂಡಿನೊಳಗೆ ವೇಗವನ್ನು ೮೫ಕ್ಕೆ ಇಳಿಸಬೇಕು. ಇಲ್ಲವಾದರೆ ಯಂತ್ರವೇ ಬ್ರೇಕು ಹಾಕುತ್ತದೆ. ಕೆಂಪನ್ನು ದಾಟಿದರಂತೂ ವಿಚಾರಣೆಯೇ ಇಲ್ಲ, ಆ ಕ್ಷಣವೇ ತುರ್ತು ಬ್ರೇಕು. ಇದಲ್ಲದೆ ‘ಜೀಫಾ’ ಎಂಬ ಇನ್ನೊಂದು ಕಾವಲುಗಾರನಿದ್ದಾನೆ. ಕಾಲ ಕೆಳಗಿನ ಪೆಡಲನ್ನು ಸದಾ ತುಳಿದಿರಬೇಕು. ಆದರೆ ಮೂವತ್ತು ಸೆಕೆಂಡಿಗೊಮ್ಮೆ ಬಿಟ್ಟು ಮತ್ತೆ ತುಳಿಯಬೇಕು. ಮರೆತರೆ ಮೊದಲು ದೀಪ, ಎರಡೂವರೆ ಸೆಕೆಂಡಿಗೆ ಕೂಗು, ಇನ್ನು ಎರಡೂವರೆ ಸೆಕೆಂಡಿಗೆ ಬ್ರೇಕು. ಪೆಡಲಿಲ್ಲದ ನನಗೆ ಕೀಲಿಮಣೆಯ ಒಂದು ಗುಂಡಿಯೇ ಪೆಡಲು. ‘ನೀನು ಬದುಕಿದ್ದೀಯಾ? ಎಚ್ಚರವಾಗಿದ್ದೀಯಾ?’ ಎಂದು ಅರ್ಧ ನಿಮಿಷಕ್ಕೊಮ್ಮೆ ಕೇಳುವ ಯಂತ್ರ ಅದು. ನಮ್ಮ ಎಂಜಿನ್ನುಗಳಲ್ಲಿಯೂ ಇಂಥ ಜಾಗರೂಕತೆಯ ಸಾಧನವಿದೆ. ನಮ್ಮವರೇ ರೂಪಿಸಿದ ‘ಕವಚ’ ಎಂಬ ವ್ಯವಸ್ಥೆಯೂ ಒಂದೊಂದೇ ಹಾದಿಗೆ ಬರುತ್ತಿದೆ. ಇಷ್ಟನ್ನೆಲ್ಲ ಕೇಳಿದ ಗೆಳೆಯ, “ಹಾಗಾದರೆ ಕುದುರೆ ಅಂತಲೇ ಅನ್ನು” ಎಂದು ಒಪ್ಪಿಕೊಂಡ.

ನನ್ನ ಆಟದ ನಿಜವಾದ ಪರೀಕ್ಷಕರು ಮಾತ್ರ ನಮ್ಮ ತಾತ. ಅವರು ನಿಟ್ಟೂರಿನ ಕಡೆ ಹಳಿಯ ಮೇಲೆ ಕೀಮನ್ ಆಗಿ ಕೆಲಸ ಮಾಡಿದವರು. ಮೀಟರ್‌ಗೇಜನ್ನೂ ಕಂಡವರು, ಆಮೇಲಿನ ಅಗಲ ಹಳಿಯನ್ನೂ ಕಂಡವರು. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಬಾವುಟ ಹಿಡಿದು ದಿನವೂ ತಮ್ಮ ಪಾಲಿನ ಹಳಿಯುದ್ದಕ್ಕೂ ನಡೆದು, ಸಡಿಲವಾದ ಬೀಗಗಳನ್ನು ಬಡಿದು ಬಿಗಿ ಮಾಡುವುದು ಅವರ ಕೆಲಸ. ಒಂದು ರಾತ್ರಿ ನನ್ನ ಹಿಂದೆ ಬಂದು ನಿಂತರು. ಗಾಡಿ ೧೪೦ರಲ್ಲಿ ಓಡುತ್ತಿತ್ತು.

“ಓಡ್ಸೋದೇನು ಮಗ, ಯಾರಾದ್ರೂ ಓಡ್ಸ್ತಾರೆ. ನಿಲ್ಲಿಸ್ಬೇಕು ಅನ್ನೋದು ನಿಂಗೆ ಎಷ್ಟು ದೂರದಿಂದ ಗೊತ್ತಾಗ್ತದೆ?” ಎಂದರು.

“ಸಾವಿರ ಮೀಟ್ರಿಂದ ತಾತ. ಅಲ್ಲೊಂದು ಸಿಗ್ನಲ್ ಇರುತ್ತೆ,” ಎಂದೆ.

ತಾತ ಕುರ್ಚಿ ಎಳೆದುಕೊಂಡು ಕುಳಿತರು. ಹಳಿ ಮುರಿದಿದ್ದರೆ ಕೀಮನ್ ಏನು ಮಾಡಬೇಕೆಂದು ಅಂದು ಮೊದಲ ಬಾರಿಗೆ ನನಗೆ ವಿವರವಾಗಿ ಹೇಳಿದರು. ಕೆಂಪು ಬಾವುಟ ಹಿಡಿದು ಗಾಡಿ ಬರುವ ದಿಕ್ಕಿಗೆ ಓಡಬೇಕು. ಅಗಲ ಹಳಿಯಾದರೆ ೬೦೦ ಮೀಟರ್ ದೂರದಲ್ಲಿ ಹಳಿಯ ಮೇಲೆ ಒಂದು ಪಟಾಕಿ ಕಟ್ಟಬೇಕು. ಮತ್ತೂ ಓಡಿ ೧೨೦೦ ಮೀಟರ್ ದೂರದಲ್ಲಿ, ಹತ್ತು ಹತ್ತು ಮೀಟರ್ ಬಿಟ್ಟು, ಮೂರು ಪಟಾಕಿ ಕಟ್ಟಬೇಕು. ಎಂಜಿನ್ನಿನ ಗಾಲಿ ಅದರ ಮೇಲೆ ಹರಿದಾಗ ಢಂ ಎಂದು ಸಿಡಿಯುವ ಸದ್ದು ಚಾಲಕನಿಗೆ ಎಚ್ಚರಿಕೆ. “ಹಳಿ ಮುರಿದ ಜಾಗದಾಗೆ ನಿಂತ್ಕಂಡು ಬಾವುಟ ಬೀಸಿದ್ರೆ ಏನು ಬಂತು? ಡ್ರೈವರ್ ನಿನ್ನ ನೋಡ್ತಾನೆ, ಗಾಡಿ ನಿನ್ನ ಮ್ಯಾಲೇ ಬರ್ತದೆ. ದೂರ ಓಡ್ಬೇಕು ಮಗ. ದೂರ ಓಡ್ದಷ್ಟೂ ಜೀವ ಉಳೀತವೆ.”

ಜರ್ಮನಿಯ ೧೦೦೦ ಮೀಟರಿಗೂ ನಮ್ಮ ತಾತನ ೧೨೦೦ ಮೀಟರಿಗೂ ಇರುವ ನಂಟು ಆಗ ನನಗೆ ಹೊಳೆಯಿತು. ಅಲ್ಲಿ ದೀಪ ಮತ್ತು ಅಯಸ್ಕಾಂತ. ಇಲ್ಲಿ ಒಬ್ಬ ಮನುಷ್ಯನ ಕಾಲು ಮತ್ತು ಉಸಿರು. ಎರಡೂ ಹೇಳುವ ಮಾತು ಒಂದೇ: ಸತ್ಯವನ್ನು ಹೇಳಿದರೆ ಸಾಲದು, ಅದರಂತೆ ನಡೆಯಲು ಅವಕಾಶವಿರುವಷ್ಟು ಮುಂಚೆ ಹೇಳಬೇಕು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ತಾತನ ಕೆಲಸ ಸುತ್ತಿಗೆಯ ಕೆಲಸವೆಂದಷ್ಟೇ ನಾವೆಲ್ಲ ಎಣಿಸಿದ್ದೆವು. ಅದರೊಳಗಿನ ಲೆಕ್ಕ ತಿಳಿಯಲು ನನಗೆ ಜರ್ಮನಿಯ ರೈಲು ಬೇಕಾಯಿತು. ಅಂದಿನಿಂದ ತಾತ ವಾರಕ್ಕೆರಡು ರಾತ್ರಿ ನನ್ನ ಪಕ್ಕದಲ್ಲಿ ಕೂರುತ್ತಾರೆ. ಜರ್ಮನ್ ಭಾಷೆ ಅವರಿಗೆ ಬೇಡ. ಹಳದಿ ಕಂಡ ಕೂಡಲೇ “ಹಿಡಿ” ಎನ್ನುತ್ತಾರೆ. ಅದು ಯಾವ ಭಾಷೆಯಲ್ಲಿಯೂ ಸರಿಯೇ.

ಇಷ್ಟಾದರೂ ಇದು ಆಟವೇ ಅಲ್ಲವೆ, ಇದರಲ್ಲಿ ಯಾರ ಜೀವವೂ ಹೋಗುವುದಿಲ್ಲವಲ್ಲ ಎಂದು ಕೇಳುವವರಿಗೆ ಗುಬ್ಬಿಯವನಾದ ನಾನು ನಾಟಕದ ಮಾತನ್ನೇ ಹೇಳಬೇಕು. ರಾತ್ರಿ ರಾಜನ ಪಾರ್ಟು ಮಾಡಿದವನು ಬೆಳಗ್ಗೆ ರಾಜನಲ್ಲ. ಅದು ನೋಡಿದವರಿಗೂ ಗೊತ್ತು, ಮಾಡಿದವನಿಗೂ ಗೊತ್ತು. ಆದರೂ ತಿಂಗಳುಗಟ್ಟಲೆ ತಾಲೀಮು ಮಾಡಿದವನಿಗೆ ರಾಜನ ಸಂಕಟದಲ್ಲಿ ಒಂದಿಷ್ಟಾದರೂ ಅರ್ಥವಾಗಿರುತ್ತದೆ. ನಮ್ಮ ರೈಲ್ವೆಯ ತರಬೇತಿ ಕೇಂದ್ರಗಳಲ್ಲಿಯೂ ಸಿಮ್ಯುಲೇಟರುಗಳಿವೆ. ನಿಜವಾದ ಚಾಲಕರೂ ತಾಲೀಮು ಮಾಡುತ್ತಾರೆ. ವ್ಯತ್ಯಾಸವಿಷ್ಟೇ: ಅವರು ರಂಗಕ್ಕೆ ಹೋಗುತ್ತಾರೆ, ನನ್ನದು ತಾಲೀಮಿನಲ್ಲಿಯೇ ನಿಲ್ಲುತ್ತದೆ. ಮೊದಲು ಇದು ನನಗೆ ಕಹಿಯಾಗಿತ್ತು. ಈಗ ಅಷ್ಟಿಲ್ಲ.

ಏಕೆಂದರೆ ಈ ತಾಲೀಮಿನಿಂದ ನನ್ನ ಪ್ರಯಾಣವೇ ಬದಲಾಗಿದೆ. ಬೆಳಗಿನ ಗಾಡಿ ತುಮಕೂರಿನ ಹೊರಗೆ ಸಿಗ್ನಲ್ಲಿಗಾಗಿ ನಿಂತಾಗ ಡಬ್ಬಿಯಲ್ಲಿ ಗೊಣಗಾಟ ಏಳುತ್ತದೆ. ಮೊದಲ ಪೀರಿಯಡ್ಡು ಹೋಯಿತೆಂದು ನನ್ನ ಮಿತ್ರರು ಚಾಲಕನನ್ನು ಬೈಯುತ್ತಾರೆ. ನಾನು ಮಾತ್ರ ಗಾಡಿ ನಿಂತ ರೀತಿಯನ್ನು ಗಮನಿಸುತ್ತೇನೆ: ನಿಂತಿರುವವರು ಮುಗ್ಗರಿಸಲಿಲ್ಲ, ಮೇಲಿನ ಚೀಲ ಅಲುಗಲಿಲ್ಲ. ಹಾಗಾದರೆ ಮುಂದಿರುವ ಆ ಮನುಷ್ಯ ಒಂದು ಕಿಲೋಮೀಟರು ಮುಂಚೆಯೇ ನಮ್ಮೆಲ್ಲರ ವಿಚಾರ ಮಾಡಿದ್ದಾನೆ. ಅಧ್ಯಾಪಕರ ಪ್ರಶ್ನೆಗೆ ನನ್ನ ಉತ್ತರ ಇದೇ: ಕಲಾ ವಿಭಾಗದಲ್ಲಿ ಮನುಷ್ಯನನ್ನು ತಿಳಿಯಬೇಕೆಂದು ನಮಗೆ ಹೇಳಿಕೊಡುತ್ತೀರಿ, ಗಾಡಿಯ ಮುಂದೆ ಕುಳಿತವನೂ ಹಳಿಯ ಮೇಲೆ ನಡೆದವನೂ ಆ ಮನುಷ್ಯರಲ್ಲಿ ಸೇರಿದವರೇ.

ಈ ಆಟ ಎಲ್ಲರಿಗೂ ರುಚಿಸಬೇಕೆಂದಿಲ್ಲ. ಅರ್ಧ ಗಂಟೆ ಏನೂ ಆಗದೆ ಹಳಿ, ಕಂಬ, ಮರ ಬರುತ್ತಲೇ ಇರುತ್ತವೆ. ಆ ಏನೂ ಆಗದಿರುವುದೇ ಚಾಲಕನ ಯಶಸ್ಸು. ಆದರೂ ಕುತೂಹಲವುಳ್ಳ ಮಿತ್ರರು ರಜೆಯಲ್ಲಿ ಗುಬ್ಬಿಗೆ ಬಂದರೆ ಜರ್ಮನಿಯ ಹಾದಿಯಲ್ಲಿ ಇಪ್ಪತ್ತು ಕಿಲೋಮೀಟರು ಕರೆದುಕೊಂಡು ಹೋಗಬಲ್ಲೆ. ಟಿಕೀಟಿಲ್ಲ. ಕಾಫಿ ನಮ್ಮ ಮನೆಯದು. ಸಿಗ್ನಲ್ ನೋಡಿಕೊಳ್ಳಲು ತಾತ ಇದ್ದೇ ಇರುತ್ತಾರೆ.