ನಲ್ಲಿಯ ನೀರಿನ ಜಾಡು ಹಿಡಿದು

ದಿನವೂ ಲೋಕಲ್ ಗಾಡಿಯಲ್ಲಿ ಓಡಾಡುವವರಿಗೆ ನಿಲ್ದಾಣವೆಂದರೆ ಏರುವ ಮತ್ತು ಇಳಿಯುವ ಸ್ಥಳ ಮಾತ್ರ. ಅದರ ಹಿಂದೆ ಒಂದು ಊರಿದೆ, ಊರಿನಾಚೆ ಗದ್ದೆಯಿದೆ, ಗದ್ದೆಯಾಚೆ ಹೊಳೆಯಿದೆ ಎಂಬುದು ನಮ್ಮ ನೆನಪಿಗೇ ಬರುವುದಿಲ್ಲ. ನಾವು ನಾಲ್ವರು ಗೆಳೆಯರೂ ಬಹಳ ವರ್ಷ ಹಾಗೆಯೇ ಇದ್ದೆವು. ಇಬ್ಬರು ಡೊಂಬಿವಲಿಯವರು, ಒಬ್ಬರು ಠಾಣೆಯವರು, ಇನ್ನೊಬ್ಬರು ನವಿ ಮುಂಬಯಿಯ ಐರೋಲಿಯವರು. ನಮ್ಮನ್ನು ಭಾನುವಾರಗಳಂದು ಹಳಿಯಿಂದ ಆಚೆ ನಡೆಸಿದವರು ಐದನೆಯವರಾದ ಕಾಕಾ. ಅವರಿಟ್ಟ ನಿಯಮಗಳು ಮೂರೇ: ಹೊರಡುವುದು ಲೋಕಲ್ ನಿಲ್ದಾಣದಿಂದ, ಮರಳುವುದು ಸಂಜೆಯ ಲೋಕಲ್‌ಗೆ, ನಡುವೆ ರಿಕ್ಷಾ ಹತ್ತಕೂಡದು. ಠಾಣೆಯಿಂದ ಯೇಊರಿನ ಕಾಡಂಚು, ಐರೋಲಿಯಿಂದ ಖಾಡಿಯ ದಂಡೆಯ ರಾಜಹಂಸಗಳು, ಖಾರ್ಘರದ ಗುಡ್ಡ, ಹೀಗೆ ಮೊದಲೆರಡು ವರ್ಷ ಗುರಿಯಿಲ್ಲದೆ ಅಲೆದೆವು. ನಡೆಯುವುದಾದರೆ ಒಬ್ಬನೇ ನಡೆಯಬೇಕೆಂದು ಹ್ಯಾಝ್ಲಿಟ್ ಬರೆದ ಪ್ರಬಂಧವನ್ನು ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಓದಿಕೊಂಡವರು ನಮ್ಮಲ್ಲಿದ್ದಾರೆ. ಆದರೆ ಅವಲಕ್ಕಿಯ ಡಬ್ಬಿಯನ್ನು ಸರದಿಯಂತೆ ಹೊರುವ ಸುಖ ಆ ಮಹಾನುಭಾವನಿಗೆ ತಿಳಿದಿರಲಾರದು.

ಗುರಿಯೊಂದು ಹುಟ್ಟಿದ್ದು ಕಾಕಾ ಊರಿಗೆ ಹಿಂತಿರುಗುವ ನಿರ್ಧಾರ ಮಾಡಿದ ಮೇಲೆ. ಅವರು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಸಮೀಪದ ಹಳ್ಳಿಯವರು. ಕಾಗಿಣಾ ಹೊಳೆಯಲ್ಲಿ ಈಜು ಕಲಿತವರು. 1984ರಲ್ಲಿ ಡೊಂಬಿವಲಿಗೆ ಬಂದು ಬಣ್ಣದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಬರುವ ದೀಪಾವಳಿ ಮುಗಿಸಿ ಕಲಬುರಗಿಯ ತಮ್ಮನ ಮನೆಗೆ ಹೋಗಿ ನೆಲೆಸುವೆನೆಂದು ಒಂದು ಭಾನುವಾರ ತಿಳಿಸಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಲವತ್ತು ವರ್ಷ ಇಲ್ಲೀ ನೀರು ಕುಡದೀನಿ. ಯಾವ ಹೊಳಿದು ಅಂತ ಒಂದಿನಾನೂ ಕೇಳಿಲ್ಲ ನೋಡ್ರಿ" ಎಂದರು.

ನಮಗೂ ಗೊತ್ತಿರಲಿಲ್ಲ. ಪಾಲಿಕೆಯ ನೀರು ಎಂದಷ್ಟೇ ತಿಳಿದಿದ್ದೆವು. ವಿಚಾರಿಸಿದಾಗ ಅದು ಉಲ್ಹಾಸ ನದಿಯದೆಂದು ತಿಳಿಯಿತು. ಕಲ್ಯಾಣ-ಡೊಂಬಿವಲಿ ಪಾಲಿಕೆಯು ಮೋಹಿಲಿ ಎಂಬಲ್ಲಿ ನದಿಯ ನೀರನ್ನೆತ್ತಿ ಶುದ್ಧೀಕರಿಸುತ್ತದೆ. ಬದಲಾಪುರದಾಚೆಯ ಬಾರವಿ ಅಣೆಕಟ್ಟಿನ ನೀರೂ ಈ ಜಲಾನಯನದ್ದೇ. ಐರೋಲಿಯ ಗೆಳೆಯರು ಮಾತ್ರ, "ನಮ್ಮ ಪಾಲಿಕೆಯದು ಮೊರ್ಬೆ ಅಣೆಕಟ್ಟಿನ ನೀರು, ನನ್ನ ಋಣ ಬೇರೆ ಕಡೆಯದು" ಎಂದು ನುಣುಚಿಕೊಳ್ಳಲು ನೋಡಿದರು. ಕಾಕಾ ಬಿಡಲಿಲ್ಲ. ಕರ್ಜತ್‌ನ ಆಚೆಯ ಕಣಿವೆಯಲ್ಲಿ ಹುಟ್ಟುವ ಈ ನದಿ ಕಲ್ಯಾಣದ ತನಕ ಹಳಿಗೆ ಹತ್ತಿರದಲ್ಲೇ ಹರಿಯುತ್ತದೆ. ಹಾಗಾದರೆ ನಿಲ್ದಾಣದಿಂದ ನಿಲ್ದಾಣಕ್ಕೆ, ಬಾಯಿಂದ ಬುಡದ ಕಡೆಗೆ ನಡೆಯಬಹುದಲ್ಲವೇ ಎಂಬುದು ಅವರ ಲೆಕ್ಕ.

ಡಿಸೆಂಬರಿನ ಮೊದಲ ನಡಿಗೆ ಡೊಂಬಿವಲಿ ಪಶ್ಚಿಮದ ಮೋಠಾಗಾಂವ್ ರೇತಿಬಂದರಿಗೆ. ನಿಲ್ದಾಣದಿಂದ ಅರ್ಧ ಗಂಟೆಯೂ ಇಲ್ಲದ ಈ ದಾರಿಯನ್ನು ನಮ್ಮಲ್ಲಿ ಯಾರೂ ಇಪ್ಪತ್ತು ವರ್ಷಗಳಲ್ಲಿ ನಡೆದಿರಲಿಲ್ಲ. ಇಲ್ಲಿ ಉಲ್ಹಾಸವು ಖಾಡಿಯಾಗಿದೆ; ಉಬ್ಬರವಿಳಿತಕ್ಕೆ ಸಿಕ್ಕ ಅಗಲವಾದ ಬೂದುಬಣ್ಣದ ನೀರು, ಎರಡೂ ದಡದಲ್ಲಿ ಕಾಂಡ್ಲಾ ಗಿಡಗಳು, ಮೇಲೆ ಭಿವಂಡಿಯ ಕಡೆಗೆ ಹೋಗುವ ಹೊಸ ಸೇತುವೆ. ದಡದಲ್ಲಿ ಬಲೆ ಸರಿಪಡಿಸುತ್ತಿದ್ದ ಮುದುಕರೊಬ್ಬರು ತಮ್ಮ ಬಾಲ್ಯದಲ್ಲಿ ಇಲ್ಲಿ ಸಿಗುತ್ತಿದ್ದ ಮೀನುಗಳ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಈಗೇಕೆ ಸಿಗುವುದಿಲ್ಲವೆಂದು ಕೇಳಿದಾಗ ಬಾಯಲ್ಲಿ ಏನೂ ಹೇಳದೆ ಕಾರ್ಖಾನೆಗಳ ದಿಕ್ಕಿಗೆ ಗದ್ದ ಎತ್ತಿ ತೋರಿಸಿದರು. 2020ರ ಫೆಬ್ರವರಿಯಲ್ಲಿ ಡೊಂಬಿವಲಿಯ ಕೈಗಾರಿಕಾ ಪ್ರದೇಶದ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿದ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಾವೆಲ್ಲ ಅದನ್ನು ಊರಿನ ಬಂಧುಗಳಿಗೆ ಕಳುಹಿಸಿ ನಕ್ಕಿದ್ದೆವು.

ಮರಳುವಾಗ ಕಾಕಾ ಎಲ್ಲರಿಗಿಂತ ಹಿಂದೆ ಉಳಿದರು. ಚಹದಂಗಡಿಯಲ್ಲಿ ಕುಳಿತ ಮೇಲೆ ತಾವಾಗಿಯೇ ಹೇಳಿದರು: "ಎಷ್ಟು ಕಿಲೋ ಬಣ್ಣ ಹೊರಗ ಹೋತು ಅಂತ ಬರದೀನಿ. ಎಷ್ಟು ನೀರು ಒಳಗ ಬಂತು, ಅದರ ಬಿಲ್ಲೂ ಬರದೀನಿ. ಆ ನೀರು ಎಲ್ಲಿಗೆ ಹೋತು ಅನ್ನೋದಕ್ಕ ನಮ್ಮ ವಹಿಯೊಳಗ ಕಾಲಮ್ಮೇ ಇರಲಿಲ್ಲ. ಮ್ಯಾಲಿಂದ ಬಂದಿದ್ದು ನಾವು ಕುಡದ್ವಿ." ಯಾರೂ ಸಮಾಧಾನ ಹೇಳಲಿಲ್ಲ. ನಮ್ಮ ಸಂಬಳ ಬೇರೆ ಕಡೆಯಿಂದ ಬಂದಿತೆಂಬುದನ್ನು ಬಿಟ್ಟರೆ ನಾವೂ ಅದೇ ನೀರು ಕುಡಿದವರೇ, ಅದೇ ಖಾಡಿಗೆ ಚರಂಡಿ ಬಿಟ್ಟವರೇ.

ಕಲ್ಯಾಣದ ದುರ್ಗಾಡಿ ಕೋಟೆಯನ್ನು ಒಂದು ಬೆಳಗಿನಲ್ಲಿ ಮುಗಿಸಿದೆವು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಬಂದ ರೈಲು ಮರುವರ್ಷದ ಮೇ ತಿಂಗಳಲ್ಲಿ ಕಲ್ಯಾಣವನ್ನು ತಲುಪುವುದಕ್ಕೆ ಎಷ್ಟೋ ಶತಮಾನ ಮೊದಲು ಇದು ಹಡಗುಗಳ ಊರಾಗಿತ್ತು. ಅಂದ ಹಾಗೆ ಕಾಕಾರ ತಾಯಿ, ಮಗನಿರುವುದು ಬಸವಣ್ಣನವರ ಕಲ್ಯಾಣದ ಪಕ್ಕದಲ್ಲಿ ಎಂದು ಕೊನೆಯವರೆಗೂ ನಂಬಿದ್ದರಂತೆ. ಅವರೂ ತಿದ್ದಲು ಹೋಗಲಿಲ್ಲವಂತೆ.

ಅಂಬರನಾಥದಲ್ಲಿ ನಾವು ಹೆಚ್ಚು ಹೊತ್ತು ಕಳೆದೆವು. ನಿಲ್ದಾಣದಿಂದ ಮೂಡಣಕ್ಕೆ, ಅಂಗಡಿ ಬೀದಿಗಳನ್ನು ದಾಟಿದರೆ ವಾಲಧುನಿ ಹೊಳೆಯ ದಡದಲ್ಲಿ ಶಿವಾಲಯವಿದೆ. ಶಕ 982ರ, ಅಂದರೆ 1060ರ ಶಾಸನ ಅಲ್ಲಿದೆ. ಉತ್ತರ ಕೊಂಕಣದ ಶಿಲಾಹಾರ ಅರಸ ಮುಮ್ಮುಣಿಯ ಕಾಲದ್ದು. ಮಂಟಪದಿಂದ ಸುಮಾರು ಇಪ್ಪತ್ತು ಮೆಟ್ಟಿಲು ಇಳಿದರೆ ಗರ್ಭಗುಡಿ. ಮೇಲೆ ಶಿಖರ ತೆರೆದಿರುವುದರಿಂದ ಲಿಂಗದ ಮೇಲೆ ಆಕಾಶದ ಬೆಳಕು ಬೀಳುತ್ತದೆ. ಈ ಶಿಲಾಹಾರರು ಮೊದಲಿಗೆ ರಾಷ್ಟ್ರಕೂಟರ ಮಾಂಡಲಿಕರು. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಅವರ ಪೂರ್ವಜರು ಅಮೋಘವರ್ಷನನ್ನು ತಮ್ಮ ಒಡೆಯನೆಂದು ಹೆಸರಿಸಿದ್ದಾರೆ. ಗುಡಿ ಕಟ್ಟುವ ಹೊತ್ತಿಗೆ ಮಳಖೇಡದ ಅರಸೊತ್ತಿಗೆ ಅಳಿದು ಸುಮಾರು ತೊಂಬತ್ತು ವರ್ಷಗಳಾಗಿದ್ದವು. ಇಷ್ಟೆಲ್ಲ ಹೇಳಿದಾಗ ಕಾಕಾ, "ಹಂಗಾದ್ರ ನಮ್ಮೂರಿನವರು ಮೊದಲೂ ಬಂದಾರ ಇಲ್ಲಿಗೆ, ವಸೂಲಿಗೆ" ಎಂದು ನಕ್ಕರು. ಆದರೆ ಹೊರಗೆ ಬಂದು ವಾಲಧುನಿಯನ್ನು ನೋಡಿದ ಮೇಲೆ ನಗು ಉಳಿಯಲಿಲ್ಲ. ಒಂಬೈನೂರು ವರ್ಷಗಳಿಗೂ ಹಿಂದೆ ಗುಡಿ ಕಟ್ಟಲು ಈ ಜಾಗವನ್ನು ಆರಿಸಿದವರು ಹೊಳೆಯನ್ನು ನೋಡಿಯೇ ಆರಿಸಿರಬೇಕು. ಈಗ ದರ್ಶನಕ್ಕೆ ಬಂದವರು ಆ ಕಡೆ ಮೂಗು ತಿರುಗಿಸದೆ ಒಳಗೆ ಹೋಗುತ್ತಾರೆ.

ಬದಲಾಪುರದಿಂದ ಮುಂದೆ ನಿಜವಾದ ಹಳ್ಳಿಗಾಡು. ಅಲ್ಲಿಂದ ವಾಂಗಣಿಗೆ ಹಳಿಯ ಲೆಕ್ಕದಲ್ಲಿ ಹನ್ನೊಂದು ಕಿಲೋಮೀಟರು. ಹೊಳೆಯ ತಿರುವುಗಳನ್ನು ಅನುಸರಿಸಿದರೆ ಇನ್ನೂ ಹೆಚ್ಚು. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಉಲ್ಹಾಸದ ನೆರೆಯಲ್ಲಿ ಸಿಕ್ಕಿಬಿದ್ದದ್ದು ಈ ಎರಡು ನಿಲ್ದಾಣಗಳ ನಡುವೆಯೇ. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಅಂದು ದಡ ಸೇರಿಸಿದರು. ನಾವು ನಡೆದಾಗ ಫೆಬ್ರವರಿ. ಹೊಳೆ ಎಲ್ಲೋ ತಗ್ಗಿನಲ್ಲಿ ಸದ್ದಿಲ್ಲದೆ ಹರಿಯುತ್ತಿತ್ತು. ಇಷ್ಟು ತಗ್ಗಿನಿಂದ ನೀರು ಎದ್ದು ಬಂದು ರೈಲನ್ನು ಸುತ್ತುವರಿದಿತ್ತೆಂದು ನಂಬಲು ನಾವು ಮತ್ತೆ ಮತ್ತೆ ಹಳಿಯ ಎತ್ತರವನ್ನು ಕಣ್ಣಳತೆ ಮಾಡಬೇಕಾಯಿತು.

ಏಪ್ರಿಲಿನಲ್ಲಿ ನೇರಳದಿಂದ ಭಿವಪುರಿ ರೋಡಿಗೆ ಹೋದಾಗ ಒಂದು ಆಶ್ಚರ್ಯ ಕಾದಿತ್ತು. ಗದ್ದೆಗಳು ಬಿರಿದಿದ್ದವು, ಸುತ್ತಲಿನ ಹಳ್ಳಗಳು ಒಣಗಿದ್ದವು, ಆದರೆ ಉಲ್ಹಾಸದಲ್ಲಿ ಮೊಣಕಾಲು ಮಟ್ಟದ ತಿಳಿನೀರು. ಮಳೆ ನಿಂತು ಆರು ತಿಂಗಳಾದ ಮೇಲೆ ಇದೆಲ್ಲಿಂದ ಎಂದು ಎಮ್ಮೆ ಮೈ ತೊಳೆಯುತ್ತಿದ್ದ ಹುಡುಗನನ್ನು ಕೇಳಿದೆವು. "ಟಾಟಾಚಂ ಪಾಣೀ" ಎಂದ, ಅದರಲ್ಲಿ ಕೇಳುವುದೇನಿದೆ ಎಂಬಂತೆ.

ಮನೆಗೆ ಬಂದು ನಕಾಶೆಗಳನ್ನು ಹರಡಿಕೊಂಡಾಗ ವಿಷಯ ಬಿಚ್ಚಿಕೊಂಡಿತು. ಘಟ್ಟದ ಮೇಲೆ ಆಂಧ್ರಾ ಎಂಬ ಪುಟ್ಟ ನದಿಯಿದೆ. ಆ ಹೆಸರಿನ ರಾಜ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಸಹಜವಾಗಿ ಪೂರ್ವಕ್ಕೆ ಹರಿದು ಇಂದ್ರಾಯಣಿಯನ್ನು ಸೇರಬೇಕು, ಇಂದ್ರಾಯಣಿ ಭೀಮೆಯನ್ನು, ಭೀಮೆ ಕೃಷ್ಣೆಯನ್ನು. ಆದರೆ ಠೋಕರವಾಡಿಯಲ್ಲಿ ಅದಕ್ಕೆ ಅಡ್ಡಕಟ್ಟಿ, ಸುರಂಗದಲ್ಲಿ ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಕೆಳಗಿನ ಭಿವಪುರಿಯ ವಿದ್ಯುದಾಗಾರಕ್ಕೆ ಧುಮುಕಿಸುತ್ತಾರೆ. 1922ರಲ್ಲಿ ಆರಂಭವಾದ ಟಾಟಾ ಕಂಪನಿಯ ಯೋಜನೆಯಿದು. ಮುಂಬಯಿಯ ಗಿರಣಿಗಳಿಗೂ ದೀಪಗಳಿಗೂ ಬೇಕಾದ ವಿದ್ಯುತ್ತಿಗಾಗಿ ಘಟ್ಟದ ಅಂಚಿನಲ್ಲಿ ಅವರು ಕಟ್ಟಿದ ಸರಣಿಯಲ್ಲಿ ಎರಡನೆಯದು. ಚಕ್ರ ತಿರುಗಿಸಿ ಹೊರಬಿದ್ದ ನೀರು ಉಲ್ಹಾಸಕ್ಕೆ. ಹೀಗಾಗಿ ಬೇಸಿಗೆಯಲ್ಲಿ ಡೊಂಬಿವಲಿಯ ನಲ್ಲಿಯಲ್ಲಿ ಬರುವ ನೀರಿನ ಒಂದು ಪಾಲು ಭೀಮೆಗೆ ಸೇರಬೇಕಾಗಿದ್ದದ್ದು. ಭೀಮೆ ಹರಿಯುವುದು ಕಲಬುರಗಿ ಜಿಲ್ಲೆಯ ಮೂಲಕ. ಕಾಕಾರ ಕಾಗಿಣಾ ಹೊಳೆ ಅವಳನ್ನು ಸೇರುವುದು ಶಹಾಬಾದದ ಸಮೀಪದಲ್ಲಿ.

ಮುಂದಿನ ಭಾನುವಾರ ಕಾಕಾರಿಗೆ ನಕಾಶೆ ತೋರಿಸಿದೆವು. ಕನ್ನಡಕ ಒರೆಸಿಕೊಂಡು ಬೆರಳಿನಿಂದ ಆಂಧ್ರಾದಿಂದ ಭೀಮೆಯವರೆಗೆ ಒಮ್ಮೆ, ಆಂಧ್ರಾದಿಂದ ಡೊಂಬಿವಲಿಯವರೆಗೆ ಒಮ್ಮೆ ಗೆರೆಯೆಳೆದರು. "ಊರು ಬಿಟ್ಟು ಬಂದೀನಿ ಅಂತ ತಿಳಕೊಂಡಿದ್ದೆ. ಊರ ನೀರೂ ನನಗಿಂತ ಮೊದಲೇ ಬಂದು ಕುಂತಿತ್ತೇನ್ರಿ ಇಲ್ಲಿ?" ಎಂದರು. ಅದು ಸಂತೋಷದ ಮಾತೋ ಅಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅಲ್ಲಿ ಬ್ಯಾಸಗಿಯೊಳಗ ಭೀಮಾ ಬತ್ತಿರತದ" ಎಂದು ಸೇರಿಸಿದರು.

ವಾಂಗಣಿ ಮತ್ತು ಶೇಲು ನಡುವಿನ ಭಾಗವನ್ನು ಮಳೆಗಾಲಕ್ಕೆಂದೇ ಉಳಿಸಿದ್ದೆವು. ಅದು ನಮ್ಮ ತಪ್ಪು. ಜುಲೈನ ಎರಡನೆಯ ಭಾನುವಾರ ಗದ್ದೆಗಳಲ್ಲಿ ನಾಟಿ ನಡೆದಿತ್ತು; ಬದುವಿನ ಮೇಲೆ ಸಾಲಾಗಿ ನಡೆಯುತ್ತ ಹಸುರನ್ನು ಹೊಗಳುತ್ತಿರುವಾಗಲೇ ಕಾಕಾ ಜಾರಿದರು. ಎಡ ಮೊಣಕಾಲು ತಿರುಚಿ ಏಳಲಾಗಲಿಲ್ಲ. ನಾಟಿ ಮಾಡುತ್ತಿದ್ದ ಠಾಕರ ಹೆಂಗಸೊಬ್ಬರು ಕೈಯ ಸಸಿ ಕೆಳಗಿಟ್ಟು ಬಂದು, ನಮ್ಮ ಕೈಯಿಂದ ಅವರನ್ನು ಬಿಡಿಸಿಕೊಂಡವರಂತೆ ತಮ್ಮ ಗುಡಿಸಲಿನ ಜಗಲಿಗೆ ಕರೆದೊಯ್ದು, ಒದ್ದೆ ಬಟ್ಟೆ ಸುತ್ತಿ, ಹಾಲಿಲ್ಲದ ಚಹ ಕೊಟ್ಟರು. ಆಮೇಲೆ ಕೇಳಿದರು, ಈ ಮಳೆಯಲ್ಲಿ ಇಲ್ಲೇಕೆ ತಿರುಗುತ್ತೀರಿ ಎಂದು. ನಾವು ಮುಖ ಮುಖ ನೋಡಿಕೊಂಡೆವು. ಕಾಕಾ ತಮ್ಮ ಮರಾಠಿಯಲ್ಲಿ, "ನಿಮ್ಮ ನದಿಯ ನೀರು ಕುಡಿಯುವವರು ನಾವು, ನೋಡಿ ಹೋಗಲು ಬಂದೆವು ತಾಯಿ" ಎಂದರು. ಆಕೆ ನಗಲಿಲ್ಲ. ಮಾರ್ಚಿಯಲ್ಲಿ ತಮ್ಮ ವಾಡಿಯ ಬೋರು ಬತ್ತುತ್ತದೆ, ಆಮೇಲೆ ಮಳೆ ಬರುವತನಕ ತಲೆಯ ಮೇಲೆ ಹೊತ್ತು ತರುವುದೇ ಕೆಲಸ ಎಂದರು. "ನದಿ ನಮಗೆ ಕಾಣುತ್ತದೆ. ನಿಮ್ಮ ಮನೆಗೆ ಬರುತ್ತದೆ." ಇಷ್ಟೇ ಹೇಳಿ ಮತ್ತೆ ಗದ್ದೆಗಿಳಿದರು. ಚಹಕ್ಕೆ ಹಣ ಕೊಡಹೋದ ನಮ್ಮ ಕೈ ಅರ್ಧದಲ್ಲೇ ನಿಂತಿತು. ಡಬ್ಬಿಯಲ್ಲಿದ್ದ ಅವಲಕ್ಕಿಯನ್ನು ಮಕ್ಕಳಿಗೆ ಕೊಟ್ಟು, ನಿಯಮ ಮುರಿದು, ಟೆಂಪೊದಲ್ಲಿ ಕಾಕಾರನ್ನು ಶೇಲು ನಿಲ್ದಾಣಕ್ಕೆ ತಂದೆವು.

ವೈದ್ಯರು ಬೆಟ್ಟ ಹತ್ತಬಾರದೆಂದರು. ಅಕ್ಟೋಬರಿನಲ್ಲಿ ಕರ್ಜತ್‌ಗೆ ನಾವು ನಾಲ್ವರೇ ಹೋದೆವು. ನಿಲ್ದಾಣದ ವಡಾಪಾವ್ ತಿಂದು, ಕೊಂಡಿವಡೆಯವರೆಗೆ ಟಾರು ರಸ್ತೆಯಲ್ಲಿ ನಡೆದು, ಅಲ್ಲಿಂದ ಕಾಡಿನ ಏರುದಾರಿಯಲ್ಲಿ ಕೊಂಡಾಣೆ ಗುಹೆಗಳಿಗೆ. ರಾಜಮಾಚಿ ಕೋಟೆಯ ಬುಡದಲ್ಲಿರುವ ಈ ಬೌದ್ಧ ಚೈತ್ಯ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಕಲ್ಲಿನಲ್ಲಿ ಮರಗೆಲಸವನ್ನು ಅಣಕಿಸಿದಂಥ ಕಮಾನುಗಳು. ಕಣ್ಹನ ಶಿಷ್ಯ ಬಲಕನು ಇದನ್ನು ಮಾಡಿದನೆಂಬ ಒಂದು ಸಾಲಿನ ಬರಹವಿದೆ. ಗುರುವಿನ ಹೆಸರು, ತನ್ನ ಹೆಸರು, ಮುಗಿಯಿತು. ಗುಹೆಯ ನೆತ್ತಿಯಿಂದ ಮಳೆಗಾಲದ ಕೊನೆಯ ನೀರು ಎಳೆಯಾಗಿ ಸುರಿಯುತ್ತಿತ್ತು. ಕೆಳಗೆ ಉಲ್ಹಾಸ, ದಾಟಿದರೆ ಪಾದ ಮಾತ್ರ ನೆನೆಯುವಷ್ಟು. ಇಲ್ಲಿ ಟಾಟಾ ನೀರು ಇನ್ನೂ ಸೇರಿಲ್ಲ. ಇದು ಅದರದೇ ನೀರು. ಮೂಲವೆಂದು ಬೆರಳಿಡುವಂಥ ಒಂದು ತಾಣ ನಮಗೆ ಸಿಗಲಿಲ್ಲ. ಕಣಿವೆಯ ಎಲ್ಲ ಗೋಡೆಗಳಿಂದಲೂ ನೀರು ಇಳಿಯುತ್ತಿತ್ತು. ಕಾಕಾರಿಗೆ ಒಂದು ಸೀಸೆ ತುಂಬಿಸಿಕೊಂಡು ಹೋಗೋಣವೆಂದು ಠಾಣೆಯವರು ಹೇಳಿದರು. ಮಾರನೆಯ ಬೆಳಿಗ್ಗೆ ಅದೇ ನೀರು ಅವರ ನಲ್ಲಿಗೆ ತಾನಾಗಿಯೇ ಹೋಗುತ್ತದೆಂದು ಇನ್ನೊಬ್ಬರು ನೆನಪಿಸಿದ ಮೇಲೆ ಆ ನಾಟಕ ಕೈಬಿಟ್ಟೆವು.

ಇಳಿಯುವಾಗ ಕಣಿವೆಯ ಆಚೆಯ ಗೋಡೆಯಿಂದ ರೈಲಿನ ಸದ್ದು ಕೇಳಿಸಿತು. 1863ರಲ್ಲಿ ತೆರೆದ ಭೋರ್ ಘಾಟಿನ ಹಳಿ ಈ ಉಲ್ಹಾಸ ಕಣಿವೆಯ ಮೈಗೆ ಅಂಟಿಕೊಂಡೇ ಖಂಡಾಲಕ್ಕೆ ಏರುತ್ತದೆ. ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳುವ ಎಂಜಿನ್ನುಗಳನ್ನು ಜೋಡಿಸುವುದು ಈ ಏರಿಗಾಗಿಯೇ. ಉದ್ಯಾನ್ ಎಕ್ಸ್‌ಪ್ರೆಸ್ ಹೋಗುವ ದಾರಿಯೂ ಅದೇ. ವರ್ಷಕ್ಕೆರಡು ಸಲ ಮಕ್ಕಳನ್ನು ಕಿಟಕಿಗೆ ಕೂರಿಸಿ, ಅಗೋ ಕಣಿವೆ ನೋಡಿ ಎಂದು ನಾವು ತೋರಿಸುತ್ತಿದ್ದದ್ದು ಈಗ ನಾವು ನಿಂತಿದ್ದ ಈ ಜಾಗವನ್ನೇ.

ದೀಪಾವಳಿಯ ಮರುವಾರ ಕಲ್ಯಾಣ ನಿಲ್ದಾಣದಲ್ಲಿ ಕಾಕಾರನ್ನು ಉದ್ಯಾನ್ ಹತ್ತಿಸಿದೆವು. ಕರ್ಜತ್ ದಾಟಿದ ಮೇಲೆ ಎಡಗಡೆ ನೋಡಬೇಕೆಂದು ಮೂರು ಸಲ ಹೇಳಿದೆವು. ಲೋಣಾವಳ ದಾಟಿದ ಮೇಲೆ ಫೋನು ಬಂತು. "ಸುರಂಗದ ಮ್ಯಾಲೆ ಸುರಂಗ. ಕನ್ನಡಕ ಒರಸೋದ್ರಾಗ ಒಂದು ಹೋತು, ಚಹಾದವನಿಗೆ ಚಿಲ್ಲರೆ ಕೊಡೋದ್ರಾಗ ಇನ್ನೊಂದು. ನಡುವೆ ಒಂದು ಚೂರು ಕಂಡಂಗಾತು." ಅಷ್ಟೇನಾ ಎಂದೆವು. "ಅಷ್ಟ" ಎಂದರು.

ಹತ್ತು ದಿನಗಳ ಮೇಲೆ ಕಲಬುರಗಿಯಿಂದ ಮತ್ತೆ ಮಾತಾಡಿದರು. ಮೊಣಕಾಲು ಪರವಾಗಿಲ್ಲವಂತೆ. ಬಂದ ದಿನವೇ ತಮ್ಮನ ಮನೆಯಲ್ಲಿ ಕೇಳಿದರಂತೆ, ಇಲ್ಲಿನ ನಲ್ಲಿಗೆ ಯಾವ ಹೊಳೆಯ ನೀರು ಬರುತ್ತದೆಂದು. ತಮ್ಮ ಭೀಮಾ ಅಂದರಂತೆ, ತಮ್ಮನ ಮಗ ಬೆಣ್ಣೆತೊರಾ ಅಂದನಂತೆ, ಸೊಸೆ ಟ್ಯಾಂಕಿನದು ಅಂದಳಂತೆ. "ಸ್ಟೇಷನ್ ಇಲ್ಲೂ ಅದ. ಭಾನುವಾರ ಹೊರಡ್ತೀನಿ" ಎಂದು ಫೋನಿಟ್ಟರು.